ಕಣ್ಣೊಳಗಿನ ಕೊಡೆ

ಬೇಲೂರಿನ ದೇವಸ್ಥಾನದೊಳಗಿನ ಕೆತ್ತನೆ ಕತ್ತಲಲ್ಲಿ ಕಾಣಬೇಕಾದರೆ ಯಾರಾದರೊಬ್ಬರು ಹೊರಗೆ ಬಿಸಿಲಿನಲ್ಲಿ ನಿಲ್ಲಬೇಕು. ಹದಿನೆಂಟು ವರ್ಷ ಹಾಗೆ ನಿಂತವನು ಮಾದಿಹಳ್ಳಿಯ ದೇವರಾಜ್. ಎದೆಯಗಲದ ಕನ್ನಡಿ ಹಿಡಿದು ಬಿಸಿಲನ್ನು ಬಾಗಿಲೊಳಕ್ಕೆ ತಿರುಗಿಸಿ, ಗೈಡ್ ಗಂಗಾಧರಪ್ಪ ಯಾವ ಶಿಲ್ಪದ ಹೆಸರು ಹೇಳಿದನೋ ಅದರ ಮೇಲೆ ಬೆಳಕು ಬೀಳಿಸುವುದು ಅವನ ಕೆಲಸ. ಬೆಳಕನ್ನು ಅಲುಗದಂತೆ ನಿಲ್ಲಿಸಬಲ್ಲೆನೆಂಬ ಹೆಮ್ಮೆ ಅವನಿಗಿತ್ತು. ಹೆಮ್ಮೆಪಡಲು ಬೇರೇನೂ ಇರಲಿಲ್ಲ.

2001ರಲ್ಲಿ ಎರಡೂ ಕಣ್ಣುಗಳ ಮೂಗಿನ ಬದಿಯಲ್ಲಿ ಕೆಂಪು ಮಾಂಸ ಚಿಗುರಿತು. ಅದು ದುರ್ಮಾಂಸ, ಬಿಸಿಲಿನ ಅತಿನೇರಳೆ ಕಿರಣದಿಂದ ಬೆಳೆಯುತ್ತದೆ, ಕಪ್ಪು ಕನ್ನಡಕ, ಟೋಪಿ ಎರಡನ್ನೂ ಬಿಡಬೇಡಿ ಎಂದರು ಹಾಸನದ ಡಾಕ್ಟರು. ಕನ್ನಡಕ ನಾಲ್ಕು ದಿನ ಬಾಳಿತು.

"ಏನ್ಲಾ, ಪಿಚ್ಚರ್‌ನಾಗೆ ವಿಲನ್ ಆಗಕ್ಕೆ ಹೊಂಟಿದ್ದೀಯಾ?" ಎಂದು ಗಂಗಾಧರಪ್ಪ ಪ್ರವಾಸಿಗರನ್ನು ನಗಿಸಿದ. ಐದನೆಯ ದಿನ ಕನ್ನಡಕ ಗೋಡೆಯ ಗೂಡು ಸೇರಿತು.

ದೇವರಾಜನಿಗೆ ದೂರದ್ದು ಮೊದಲಿನಿಂದಲೂ ಮಬ್ಬು. ಎರಡು ವರ್ಷದ ಮೇಲೆ ಕನ್ನಡಕದ ಅಂಗಡಿಯವರು ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಟ್ಟರು. ಈ ಲೆನ್ಸು ಅತಿನೇರಳೆ ಕಿರಣವನ್ನೂ ತಡೆಯುತ್ತದೆ, ಆದರೆ ಬಿಸಿಲಿಗೆ ಕಪ್ಪು ಕನ್ನಡಕ ಬೇಕೇ ಬೇಕು ಎಂದರು. ದೇವರಾಜ್ ಮನೆಗೆ ತಂದದ್ದು ಮಾತಿನ ಮೊದಲರ್ಧ ಮಾತ್ರ.

"ಕಣ್ಣೊಳಗೇ ಕೊಡೆ ಹಾಕ್ಕೊಂಡಿವ್ನಿ ಕಣೇ," ಎಂದ ಹೆಂಡತಿಗೆ.

ಯಶೋಧರಾ ಶಾಲೆಯ ಟೀಚರು. "ಕೊಡೆ ಹಿಡಿದ್ರೆ ಕಾಲು ನೆನೆಯಲ್ವಾ?" ಎಂದಳು.

ಅವನು ನಕ್ಕ. ಟೋಪಿಯನ್ನೂ ಬಿಟ್ಟ. ಮುಂಚೆ ಒಂದು ಗುಂಪು ಹೋಗಿ ಇನ್ನೊಂದು ಬರುವವರೆಗೆ ನೆರಳಿಗೆ ಸರಿಯುತ್ತಿದ್ದವನು ಈಗ ಅಲ್ಲೇ ನಿಲ್ಲತೊಡಗಿದ. ಲೆನ್ಸು ತನ್ನ ಕೆಲಸ ಮಾಡಿತು, ಕಪ್ಪುಗುಡ್ಡೆಯನ್ನು ಕಾಯಿತು. ಸುತ್ತಲಿನ ಬಿಳಿಗುಡ್ಡೆ, ರೆಪ್ಪೆ ಬಯಲಾಗಿಯೇ ಇದ್ದವು. ಮೇಲಿನಿಂದ, ಕನ್ನಡಿಯಿಂದ, ಕಲ್ಲುಹಾಸಿನಿಂದ ಬಿಸಿಲು ಅವಕ್ಕೆ ಬಡಿಯುತ್ತಿತ್ತು. ಮಾಂಸ ಮೂರು ವರ್ಷದಲ್ಲಿ ದಪ್ಪವಾಗಿ, ಲೆನ್ಸು ಅದರ ಮೇಲೆ ಕೂರದೆ ಜಾರತೊಡಗಿತು. ಲೆನ್ಸು ಹೋಯಿತು. ಆಪರೇಷನ್ ಮಾಡಿ ಮಾಂಸ ತೆಗೆದರು; ಎಂಟು ತಿಂಗಳಲ್ಲಿ ಇನ್ನೂ ದಪ್ಪಗೆ ಬೆಳೆದು ಪಾಪೆಯ ಮೇಲೆ ಹತ್ತಿತು.

ಲೆನ್ಸು ಹಾಕಿಯೂ ಹೀಗಾಯಿತಲ್ಲ ಎಂದು ಕೇಳಿದ್ದಕ್ಕೆ ಡಾಕ್ಟರು, "ಅದು ಮುಚ್ಚಿದಷ್ಟು ಜಾಗಾನ ಅದು ಕಾದಿದೆ. ಮಿಕ್ಕಿದ್ದನ್ನ ಕಾಯ್ಬೇಕಾದೋರು ನೀವು," ಎಂದರು. ಇನ್ನೊಮ್ಮೆ ಕುಯ್ದರೂ ಕಲೆ ಉಳಿಯುತ್ತದೆ, ಮೊದಲಿನ ನೋಟ ಬಾರದು ಎಂದೂ ಹೇಳಿದರು.

ಆದರೂ ಅವನು ಕನ್ನಡಿ ಬಿಡಲಿಲ್ಲ. ಒಳಗಿನಿಂದ ಗಂಗಾಧರಪ್ಪ "ಎಡಕ್ಕೆ, ಮೇಲಕ್ಕೆ" ಎಂದು ಕೂಗುತ್ತಿದ್ದ, ಇವನು ಅಂದಾಜಿನಲ್ಲಿ ತಿರುಗಿಸುತ್ತಿದ್ದ. 2007ರ ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಕೂಗು ಬರಲಿಲ್ಲ. ಗಂಗಾಧರಪ್ಪನೇ ಹೊರಗೆ ಬಂದ.

"ಬೆಳಕು ಎಲ್ಲಿ ಬಿತ್ತು?" ದೇವರಾಜ್ ಕೇಳಿದ.

"ಒಬ್ಬ ಹೆಣ್ಮಗಳ ಮುಖಕ್ಕೆ. ಸಾಕು ಕಣ್ಲಾ, ಕೊಡು ಇತ್ಲಾಗೆ."

ಕೊಟ್ಟ. ಮರುದಿನದಿಂದ ಅವನಿಗೆ ಚಪ್ಪಲಿ ಕಾಯುವ ಕೆಲಸ. ಯಾರದು ಯಾವುದೆಂದು ಕೈಯಲ್ಲಿ ಸವರಿ ಗುರುತಿಸುವುದನ್ನು ಎರಡು ವಾರದಲ್ಲಿ ಕಲಿತ.