ರೋಬೋ ತಾತನ ನಮಸ್ಕಾರ

ಚೆಂಡುಹೂವಿನ ಘಮಕ್ಕೆ ಗ್ರೀಸಿನ ವಾಸನೆ ಬೆರೆತರೆ ನಿಮಗೆ ಏನಾಗುತ್ತದೋ ಕಾಣೆ, ನನಗಂತೂ ಹಸಿವಾಗುತ್ತದೆ. ಆಯುಧಪೂಜೆಯ ದಿನ ಫ್ಯಾಕ್ಟರಿಯಲ್ಲಿ ಹಂಚುತ್ತಿದ್ದ ಕಡಲೆಪುರಿ, ಬೂಂದಿಯ ನೆನಪು ಹೊಟ್ಟೆಯಲ್ಲೇ ಉಳಿದುಬಿಟ್ಟಿದೆ. ಇವತ್ತು ಬೆಳಿಗ್ಗೆ ಸ್ಕೂಟರಿಗೆ ಹಾರ ಕಟ್ಟುವಾಗ ಅದೇ ವಾಸನೆ ಮೂಗಿಗೆ ಬಡಿಯಿತು. "ಹ್ಯಾಂಡಲ್ ಸ್ವಲ್ಪ ಈ ಕಡೆ ತಿರುಗಿಸ್ರೀ, ದೇವ್ರ ಮನೆ ಕಡೆ ನೋಡ್ಲಿ" ಎಂದಳು ಹೆಂಡತಿ. "ಬೇಡ ಕಣೇ, ನೆಟ್ಟಗೇ ಇರ್ಲಿ!" ಎಂದೆ, ಬೇಕಾದ್ದಕ್ಕಿಂತ ಜೋರಾಗಿ. ಹಬ್ಬದ ದಿನ ಇವರಿಗೇನು ಬಂತು ಎಂಬಂತೆ ನೋಡಿ ಅವಳು ಒಳಗೆ ಹೋದಳು. ನೀವಾದರೂ ಸ್ವಲ್ಪ ಕೂತು ಕೇಳಿ.

ಸೋಂಪುರದ ಒಂದು ಕಾರ್ಖಾನೆಯಲ್ಲಿ ನಾನು ಮೇಂಟೆನೆನ್ಸ್ ನೋಡಿಕೊಳ್ಳುತ್ತಿದ್ದೆ. ಅಲ್ಲೊಂದು ಹಳೇ ವೆಲ್ಡಿಂಗ್ ರೋಬೋ ಇತ್ತು. ಬಣ್ಣ ಮಾಸಿದ ಒಂಟಿ ತೋಳು. ಎಲ್ಲರೂ ಅದನ್ನು ತಾತ ಎನ್ನುತ್ತಿದ್ದರು. "ತಾತ ಎದ್ನಾ?", "ತಾತಂಗೆ ಇವತ್ತು ಮೂಡಿಲ್ಲ" ಎಂಬ ಮಾತು ಮೀಟಿಂಗಿನಲ್ಲೂ ನಡೆಯುತ್ತಿತ್ತು. ಅದನ್ನು ನಡೆಸುತ್ತಿದ್ದವರು ದೊಡ್ಡಬಳ್ಳಾಪುರದ ಕಡೆಯ ಮಂಜಕ್ಕ. ಶಿಫ್ಟು ಮುಗಿದಾಗ ಅವರು ತಾತನ ತೋಳನ್ನು ಗೋಡೆಯ ಲಕ್ಷ್ಮಿ ಪಟದ ಕಡೆ ತಿರುಗಿಸಿ, ಮಣಿಕಟ್ಟನ್ನು ಪೂರ್ತಿ ಬಗ್ಗಿಸಿ, ಆಮೇಲೆ ಕರೆಂಟ್ ಆಫ್ ಮಾಡುತ್ತಿದ್ದರು. ಯಾವುದೋ ಆಯುಧಪೂಜೆಗೆ ತಮಾಷೆಯಾಗಿ ಶುರುವಾದದ್ದು ದಿನದ ಪದ್ಧತಿಯಾಗಿತ್ತು. "ದುಡಿದ ಕೈ, ದೇವ್ರಿಗೆ ನಮಸ್ಕಾರ ಹಾಕಿ ಮಲಗ್ಲಿ ಬಿಡಿ ಸಾರ್" ಎನ್ನುತ್ತಿದ್ದರು. ದೇವರು ದಿಂಡರು ಎಂದರೆ ನನಗೆ ಅಷ್ಟಕ್ಕಷ್ಟೇ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದವನು ನಾನು. ಆದರೆ ಯಾರಾದರೂ ಕಾರ್ಖಾನೆ ನೋಡಲು ಬಂದರೆ ಮೊದಲು ಎಳೆದುಕೊಂಡು ಹೋಗುತ್ತಿದ್ದದ್ದು ಈ ನಮಸ್ಕಾರ ತೋರಿಸಲಿಕ್ಕೇ.

ಒಂದು ಬೆಳಿಗ್ಗೆ ತಾತ ಏಳಲಿಲ್ಲ. ತೋಳು ಅರ್ಧಕ್ಕೆ ಬಂದು ನಿಲ್ಲುವುದು, ಕೆಂಪು ದೀಪ ಹತ್ತುವುದು. ಮೋಟಾರು ಸರಿಯಿತ್ತು. ಕೆಟ್ಟದ್ದು ಹಾರ್ನೆಸ್, ಅಂದರೆ ಬುಡದಿಂದ ಮಣಿಕಟ್ಟಿನವರೆಗೆ ತೋಳಿನೊಳಗೇ ಹರಿಯುವ ತಂತಿಗಳ ಕಟ್ಟು, ನಮ್ಮ ಕೈಯ ನರಗಳಿದ್ದ ಹಾಗೆ. ರೋಬೋ ಮಾಡಿದ ಕಂಪನಿಯನ್ನು ಕೇಳಿದರೆ, ಆ ಮಾಡೆಲ್ ನಿಲ್ಲಿಸಿ ಯಾವ ಕಾಲವಾಯಿತು, ಹೊಸದು ಕೊಳ್ಳಿ ಎಂದರು. ನಮ್ಮ ಮ್ಯಾನೇಜರು ಇನ್ನೂ ಸಲೀಸಾಗಿ ಹೇಳಿದರು: "ತಿಂಗಳೊಳಗೆ ಓಡಿಸ್ರೀ, ಇಲ್ಲಾಂದ್ರೆ ಗುಜರಿಗೆ ಹಾಕಿ ಆ ಸೆಲ್ಲೇ ಮುಚ್ಚೋಣ." ಸೆಲ್ ಅಂದರೆ ತಾತ ನಿಂತು ದುಡಿಯುತ್ತಿದ್ದ ವೆಲ್ಡಿಂಗ್ ವಿಭಾಗ. ಅದು ಮುಚ್ಚಿದರೆ ಮಂಜಕ್ಕನ ಕೆಲಸವೂ ಹೋದಂತೆಯೇ. ಅವರು ತಾತನ ಮೇಲಿನ ಧೂಳು ಒರೆಸುತ್ತಾ ನಿಂತರು. 

ಬದಲಿ ಹಾರ್ನೆಸ್ ಹುಡುಕಿಕೊಂಡು ಪೀಣ್ಯದ ಗಲ್ಲಿಗಳನ್ನೆಲ್ಲ ಸುತ್ತಿದೆ. ಒಬ್ಬ, ಸತ್ತ ರೋಬೋದಿಂದ ಕಿತ್ತ ಹಾರ್ನೆಸ್ ತೋರಿಸಿದ. ಪಿನ್ನುಗಳು ಕಿಲುಬು ಹಿಡಿದು ಹಸಿರಾಗಿದ್ದವು. ಇನ್ನೊಬ್ಬ ಹೊಸದನ್ನೇ ಕಟ್ಟಿಕೊಟ್ಟ. ಅದು ಪೊಲೀಸರ ಲಾಠಿಯಂತೆ ಸೆಟೆದು ನಿಂತಿತು, ಬಾಗಲೊಲ್ಲದು. ಕೊನೆಗೆ ತಾತನ ಹಳೇ ಹಾರ್ನೆಸ್ ಹಿಡಿದುಕೊಂಡು, ದೊಡ್ಡಬಳ್ಳಾಪುರದಲ್ಲಿ ಮಗ್ಗಗಳ ಸದ್ದಿನ ನಡುವೆ ಶೆಡ್ ಇಟ್ಟುಕೊಂಡು ತಂತಿ ಕಟ್ಟುವ ಷಫಿ ಸಾಹೇಬರ ಹತ್ತಿರ ಹೋದೆ. ವಾರದ ರಜೆಯಾಗಿದ್ದರಿಂದ ಮಂಜಕ್ಕನೂ ಬಂದರು.

"ನಿಂತಿರೋ ತಂತಿ ಯಾರು ಬೇಕಾದ್ರೂ ಕಟ್ತಾರೆ ಸಾರ್, ಕುಣಿಯೋ ತಂತಿ ಬೇರೆ" ಎನ್ನುತ್ತಾ ಸಾಹೇಬರು ಕಟ್ಟಿನ ಹೊರಗವಸನ್ನು ಉದ್ದಕ್ಕೆ ಸೀಳಿದರು. ಅಬ್ಬಬ್ಬಾ! ಕೂದಲಿನಷ್ಟು ತೆಳ್ಳನೆಯ ತಾಮ್ರದ ಎಳೆಗಳು ಒಂದರ ಮೇಲೊಂದು ಸುತ್ತಿಕೊಂಡಿದ್ದವು. ಒಂದನ್ನೊಂದು ಉಜ್ಜದಿರಲೆಂದು ನಡುವೆ ಬಿಳಿ ಪುಡಿ, ಪ್ರತಿಯೊಂದಕ್ಕೂ ಜರುಗಲು ಚೂರು ಜಾಗ. ಇಷ್ಟು ವರ್ಷ ಆ ತೋಳು ಎಷ್ಟು ಸಲ ತಿರುಗಿತ್ತೋ ಲೆಕ್ಕ ಇಟ್ಟವರಾರು? ಆದರೂ ಉದ್ದಕ್ಕೂ ಒಂದು ಎಳೆಯೂ ಸವೆದಿರಲಿಲ್ಲ. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಮುರಿದದ್ದು ಒಂದೇ ಕಡೆ, ಮಣಿಕಟ್ಟಿನ ಹತ್ತಿರ, ಅಡ್ಡಕ್ಕೆ, ಗೆರೆ ಎಳೆದ ಹಾಗೆ.

"ಇದು ಕೆಲ್ಸ ಮಾಡಿ ಮುರಿದಿದ್ದಲ್ಲ" ಎಂದರು ಸಾಹೇಬರು. "ಒಂದೇ ಕಡೆ ಮಡಚಿ ಮಡಚಿ ಇಟ್ಟಿದ್ದೀರಿ."

ಮಂಜಕ್ಕ ಮುರಿದ ಜಾಗವನ್ನು ಬೆರಳಿನಿಂದ ಮುಟ್ಟಿದರು. ಆಮೇಲೆ ನಿಧಾನವಾಗಿ ತಮ್ಮ ಮಣಿಕಟ್ಟನ್ನೇ ಬಗ್ಗಿಸಿ ನೋಡಿಕೊಂಡರು. "ಅಯ್ಯೋ ಶಿವನೇ! ನಮಸ್ಕಾರ ಹಾಕ್ಸಿ ಹಾಕ್ಸಿ ನಾವೇ ಕೈ ಮುರಿದ್ವಲ್ಲ ಸಾರ್!" ಅವರ ಕಣ್ಣು ತುಂಬಿ ಬಂತು. ಸಾಹೇಬರು ಕಥೆಯೆಲ್ಲ ಕೇಳಿದರು, ನಗಲಿಲ್ಲ. "ಇಷ್ಟು ಪ್ರೀತಿ ಇಟ್ಟಿದ್ದಕ್ಕೇ ಅದು ಇಷ್ಟು ದಿನ ಬಾಳಿರೋದು ಅಕ್ಕಾ, ಅಳ್ಬೇಡಿ" ಎಂದು ಟೀ ತರಿಸಿದರು.

ಅವರು ಕಟ್ಟಿದ ಹೊಸ ಹಾರ್ನೆಸ್ಸಿನ ಪರೀಕ್ಷೆಯನ್ನು ನೀವು ನೋಡಬೇಕಿತ್ತು. ಎಲ್ಲ ತಂತಿಗಳನ್ನೂ ತುದಿಗೆ ತುದಿ ಸೇರಿಸಿ, ಕಟ್ಟನ್ನು ಶೆಡ್ಡಿನ ಬಾಗಿಲು ತಿರುಗುವ ಕೀಲಿಗೆ ಬಿಗಿದು, ಮೀಟರ್ ಸಿಕ್ಕಿಸಿದರು. ತಂತಿ ಕೂಡಿರುವವರೆಗೆ ಮೀಟರು ಕುಂಯ್ ಎನ್ನುತ್ತಿರುತ್ತದೆ. ಎಲ್ಲಿ ಕಡಿದರೂ ಸದ್ದು ನಿಲ್ಲುತ್ತದೆ. ಬಂದವರು ಹೋದವರು ಬಾಗಿಲು ತೆಗೆದು ಮುಚ್ಚಿದಾಗಲೆಲ್ಲ ಕಟ್ಟು ಬಾಗಬೇಕು. ನಾನು ಬಿಡುವಾದಾಗಲೆಲ್ಲ ಬಂದು ಕಾರಣವಿಲ್ಲದೆ ಒಳಗೂ ಹೊರಗೂ ಓಡಾಡಿದೆ. ಪಕ್ಕದ ಮಗ್ಗದವರು "ಈ ಸಾರ್‌ಗೆ ಏನೋ ಆಗೈತೆ" ಎಂದು ಮಾತಾಡಿಕೊಂಡರಂತೆ. ಸದ್ದು ಒಮ್ಮೆಯೂ ಕಡಿಯಲಿಲ್ಲ.

ಅದನ್ನು ತಾತನ ತೋಳಿಗೆ ಏರಿಸಿದ ದಿನ ಎಲ್ಲರೂ ಕೆಲಸ ಬಿಟ್ಟು ಸುತ್ತ ನಿಂತರು. ಎಲ್ಲ ಭಂಗಿಗಳನ್ನೂ ನಡೆಸಿ ನೋಡಿದ್ದಾಯಿತು, ಒಂದು ಉಳಿದಿತ್ತು. ಮಂಜಕ್ಕ ನನ್ನ ಮುಖ ನೋಡಿದರು. "ಅದೂ ಆಗ್ಲೇಬೇಕು ಅಕ್ಕ" ಎಂದೆ. ಅವರು ಬಟನ್ ಒತ್ತಿದರು. ತಾತ ಮೆಲ್ಲಗೆ ತಿರುಗಿದ, ಪಟದ ಮುಂದೆ ನಿಂತ, ಮಣಿಕಟ್ಟು ಪೂರ್ತಿ ಬಾಗಿತು. ಹಸಿರು ದೀಪ ಹಸಿರಾಗಿಯೇ ಇತ್ತು. ಮ್ಯಾನೇಜರೂ ಕತ್ತು ಚಾಚಿ ನೋಡಿದರು. ನನಗೆ ಮೈಯೆಲ್ಲ ಜುಮ್ಮೆಂದಿತು. "ಸಾಕು, ಏಳು ತಾತ" ಎಂದು ಮಂಜಕ್ಕ ತೋಳನ್ನು ನೆಟ್ಟಗೆ ನಿಲ್ಲಿಸಿ ಕರೆಂಟ್ ಆಫ್ ಮಾಡಿದರು. ಅಂದಿನಿಂದ ಆ ತೋಳು ಹಾಗೇ ನೆಟ್ಟಗೆ ನಿದ್ದೆ ಮಾಡತೊಡಗಿತು. ಸೆಲ್ ಮುಚ್ಚುವ ಮಾತು ಮತ್ತೆ ಬರಲಿಲ್ಲ.

ಸ್ಕೂಟರಿಗೆ ಹಾರ ಕಟ್ಟಿ ಮುಗಿಸುವ ಹೊತ್ತಿಗೆ ಫೋನು ಸದ್ದು ಮಾಡಿತು. ನಾನು ಆ ಕಾರ್ಖಾನೆ ಬಿಟ್ಟ ಮೇಲೆ ಮಂಜಕ್ಕ ಕಳಿಸಿದ ಮೊದಲ ಫೋಟೊ. ತಾತ ಹಾರ ಹಾಕಿಕೊಂಡು ನೆಟ್ಟಗೆ ನಿಂತಿದ್ದಾನೆ. ಪಕ್ಕದಲ್ಲಿ ಮಂಜಕ್ಕ, ತಲೆ ನರೆತಿದೆ, ಲಕ್ಷ್ಮಿ ಪಟಕ್ಕೆ ಸೊಂಟ ಬಗ್ಗಿಸಿ ಕೈ ಮುಗಿದಿದ್ದಾರೆ. ಕೆಳಗೆ ಬರೆದಿದ್ದರು: "ಅವನ ಪಾಲಿಂದೂ ದಿನಾ ನಾನೇ ಹಾಕ್ತಿದೀನಿ ಸಾರ್."

ಎಷ್ಟೋ ಹೊತ್ತು ಫೋಟೊ ನೋಡಿದೆ. ಆಮೇಲೆ ನೆಟ್ಟಗೆ ನಿಂತಿದ್ದ ಸ್ಕೂಟರಿನ ಹ್ಯಾಂಡಲ್ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಮಂಗಳಾರತಿ ತಟ್ಟೆ ಹಿಡಿದು ಬಾಗಿಲಿಗೆ ಬಂದ ಹೆಂಡತಿ ಅಲ್ಲೇ ನಿಂತುಬಿಟ್ಟಳು. "ಇದೇನ್ರೀ, ನೀವಾ?"