ಇಂದಿರಾಬಾಯಿಯ ವೇಸ್ಟು

ಖಟ್, ಕಿರ್‍ರ್, ಟಕ್. ಮಧ್ಯಾಹ್ನದ ಜೊಂಪಿನಲ್ಲಿ ಇವತ್ತಿಗೂ ಒಮ್ಮೊಮ್ಮೆ ನನಗೆ ಈ ಸದ್ದು ಕೇಳಿಸುತ್ತದೆ. ವಿಸಿಆರ್ ಎಂಬ ಯಂತ್ರ ಕ್ಯಾಸೆಟ್ಟನ್ನು ಬಾಯಿಗೆ ಹಾಕಿಕೊಂಡು, ಒಳಗೆಳೆದು, ದವಡೆ ಮುಚ್ಚುವ ಸದ್ದು. ತೊಂಬತ್ತರ ದಶಕದಲ್ಲಿ ಪುಣೆಯ ನಮ್ಮ ಫ್ಲ್ಯಾಟಿನ ಹಾಲಿನಲ್ಲಿ ಅಂಥ ಯಂತ್ರಗಳು ಎರಡಿದ್ದವು. ಎಡಗಡೆಯದು ಓದುತ್ತಿತ್ತು, ಬಲಗಡೆಯದು ಬರೆದುಕೊಳ್ಳುತ್ತಿತ್ತು. ನಡುವೆ ನಾನು ಎರಡು ಬಟನ್ನುಗಳ ಮೇಲೆ ಎರಡು ಬೆರಳಿಟ್ಟು, ಗೋಡೆಯ ಹಲ್ಲಿಗೆ ಹೊಂಚು ಹಾಕಿದ ಬೆಕ್ಕಿನಂತೆ ಕೂತಿರುತ್ತಿದ್ದೆ. ಬೇಕಾದ್ದು ಬಂತೋ, ಒತ್ತು. ಬೇಡದ್ದು ಬಂತೋ, ತಡೆ. ಇದಕ್ಕೆ ಎಡಿಟಿಂಗ್ ಎಂಬ ದೊಡ್ಡ ಹೆಸರಿದೆಯೆಂದು ಆಗ ಗೊತ್ತಿರಲಿಲ್ಲ. ಮದುವೆ ಶೂಟಿಂಗಿನವರು ಅನ್ನುತ್ತಿದ್ದಂತೆ ನಾವೂ ‘ಮಿಕ್ಸಿಂಗ್’ ಅನ್ನುತ್ತಿದ್ದೆವು. ಹೆಸರು ಕೇಳಿದರೆ ಚಟ್ನಿ ರುಬ್ಬಿದಂತೆ. ನಿಜ ಹೇಳಬೇಕೆಂದರೆ, ಮೊದಮೊದಲು ಆಗುತ್ತಿದ್ದುದೂ ಚಟ್ನಿಯೇ.

ಈ ಕೆಲಸ ನನಗೆ ಅಂಟಿಕೊಂಡದ್ದು ನಮ್ಮ ಮಹಿಳಾ ಮಂಡಳದಿಂದ. ಧಾರವಾಡ, ಬೆಳಗಾವಿ ಕಡೆಯಿಂದ ಪುಣೆಗೆ ಬಂದು ನೆಲೆಸಿದ ನಾವೊಂದು ಮೂವತ್ತು ಹೆಂಗಸರು ಸೇರಿ ನಾಟಕ, ಹಾಡು, ಅಡುಗೆ, ಜಗಳ ಎಲ್ಲವನ್ನೂ ಕನ್ನಡದಲ್ಲಿ ನಡೆಸುತ್ತಿದ್ದೆವು. ಅದನ್ನೆಲ್ಲ ವಿಡಿಯೋ ಮಾಡಿಡಬೇಕೆಂದು ನಿರ್ಣಯವಾದಾಗ, ಮಿಕ್ಸಿಂಗಿಗೆ ಎಲ್ಲರೂ ನನ್ನತ್ತ ಬೆರಳು ತೋರಿಸಿದರು. ಕಾರಣ, ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿ, ಮೂವತ್ತು ವರ್ಷ ಇಂಗ್ಲಿಷ್ ಟೀಚರ್ ಆಗಿದ್ದವಳು. ಮಕ್ಕಳಿಗೆ ಪ್ರೆಸಿ ರೈಟಿಂಗ್ ಕಲಿಸುವುದರಲ್ಲಿ ನನ್ನದು ಪಳಗಿದ ಕೈ. ಮುನ್ನೂರು ಶಬ್ದದ ಪ್ಯಾಸೇಜನ್ನು ಅರ್ಥ ಕೆಡದಂತೆ ನೂರು ಶಬ್ದಕ್ಕೆ ಇಳಿಸುವುದೇ ಪ್ರೆಸಿ. ಮೂರು ತಾಸಿನ ಹಳದಿ-ಕುಂಕುಮದ ಕಾರ್ಯಕ್ರಮವನ್ನು ಒಂದು ತಾಸಿಗೆ ಇಳಿಸುವುದೂ ಅದೇ ವಿದ್ಯೆ. ಚವಳಿಕಾಯಿಯ ತುದಿ ಬುಡ ಚಿವುಟಿ ನಾರು ತೆಗೆದಂತೆ, ಪ್ರತಿ ಶಾಟಿನ ತಲೆಬಾಲ ಚಿವುಟುತ್ತ ಹೋದೆ. ಒಬ್ಬಿಬ್ಬರ ಭಾಷಣವನ್ನು ಪೂರ್ತಿ ಚಿವುಟಿ ವೈರವನ್ನೂ ಕಟ್ಟಿಕೊಂಡೆ.

ಕ್ಯಾಮರಾ ಇಂದಿರಾಬಾಯಿಯದು. ಅಂದರೆ ಕ್ಯಾಮರಾ ಮಂಡಳದ್ದು, ಕೈ ಇಂದಿರಾಬಾಯಿಯದು. ಅವರು ಧಾರವಾಡದವರು, ನಮ್ಮ ಬಿಲ್ಡಿಂಗಿನಲ್ಲೇ ಕೆಳಗಿನ ಮನೆ, ವಯಸ್ಸಿನಲ್ಲಿ ನನಗಿಂತ ನಾಲ್ಕು ವರ್ಷ ಹಿರಿಯರು, ಉತ್ಸಾಹದಲ್ಲಿ ನಲವತ್ತು ವರ್ಷ ಕಿರಿಯರು. ಕ್ಯಾಮರಾದ ಮೇಲೆ ಹೆಬ್ಬೆರಳು ಕೂಡುವ ಜಾಗದಲ್ಲಿ ಒಂದೇ ಒಂದು ಕೆಂಪು ಗುಂಡಿ. ಒಮ್ಮೆ ಒತ್ತಿದರೆ ರೆಕಾರ್ಡಿಂಗ್ ಶುರು, ಇನ್ನೊಮ್ಮೆ ಒತ್ತಿದರೆ ಬಂದ್. ಇದರಲ್ಲಿ ತಪ್ಪಲಿಕ್ಕೆ ಏನಿದೆ ಎನ್ನುತ್ತೀರಿ. ಎಲ್ಲೋ ಒಂದು ಸಲ ಗುಂಡಿ ಸರಿಯಾಗಿ ಒತ್ತದೆ ಹೋದರೆ ಮುಗಿಯಿತು, ಅಲ್ಲಿಂದ ಮುಂದೆ ಲೆಕ್ಕವೆಲ್ಲ ತಿರುಗುಮುರುಗು. ಬಾಯಿಯವರು ಶುರು ಅಂದುಕೊಂಡಾಗ ಬಂದ್, ಬಂದ್ ಅಂದುಕೊಂಡಾಗ ಶುರು. ನಾಟಕ ನಡೆಯುವಾಗ ಕ್ಯಾಮರಾ ನಿದ್ದೆ ಮಾಡುತ್ತಿತ್ತು. ನಾಟಕ ಮುಗಿದು ಅವರು ಅದನ್ನು ಕೈಯಲ್ಲಿ ಜೋತುಬಿಟ್ಟುಕೊಂಡು ಚಹಾಕ್ಕೆ ಹೊರಟಾಗ ಎಚ್ಚರಗೊಂಡು, ನೆಲ, ಸೀರೆಯ ನಿರಿಗೆ, ಚಪ್ಪಲಿಗಳನ್ನು ಶ್ರದ್ಧೆಯಿಂದ ಚಿತ್ರಿಸುತ್ತಿತ್ತು.

“ಇಂದಿರಾಬಾಯಿ, ಕೆಂಪು ದೀಪ ನೋಡ್ರಿ ಅಂತ ಎಷ್ಟು ಸಲ ಹೇಳಬೇಕು?”

“ದೀಪ ನೋಡಕೋತ ಕುಂತ್ರ ನಾಟಕ ಯಾರ್ ನೋಡ್ತಾರ್‍ರಿ, ಟೀಚರ್‌ಬಾಯಿ?”

ನಾನು ತಿರುಗಿ ಕೂತು ಇನ್ನೊಂದು ಜೊತೆ ಚಪ್ಪಲಿಯ ಶಾಟನ್ನು ಚಿವುಟಿದೆ.

ಹೊಸ ಶತಮಾನ ಬಂದಂತೆ ವಿಸಿಆರುಗಳು ಅಟ್ಟ ಸೇರಿ, ಕಂಪ್ಯೂಟರ್ ಬಂತು. ಅದರೊಳಗೊಂದು ಎಡಿಟಿಂಗ್ ಸಾಫ್ಟ್‌ವೇರ್. ಅದನ್ನು ಕಲಿಯಲು ನನಗೆ ಒಂದು ಇಡೀ ಬೇಸಿಗೆ ಬೇಕಾಯಿತು, ಕಲಿತ ಮೇಲೆ ಮಾತ್ರ ನಮ್ಮಿಬ್ಬರಿಗೆ ಅಂಥ ಹೊಂದಾಣಿಕೆ! ಕತ್ತರಿ ಎಡಗಡೆಯ ಮೇಲಿನ ಮೂಲೆಯಲ್ಲಿ. ಸಾಸಿವೆ ಡಬ್ಬಿಗೆ ಹೋದಂತೆ ಕಣ್ಣು ಮುಚ್ಚಿದರೂ ಕೈ ಅಲ್ಲಿಗೆ ಹೋಗುತ್ತಿತ್ತು. ಏನಾದರೂ ಅಳಿಸಲು ಹೋದರೆ, “ಆರ್ ಯು ಶ್ಯೂರ್?” ಎಂದು ನಮ್ಮ ಕಾನ್ವೆಂಟಿನ ಸಿಸ್ಟರ್ ಸುಪೀರಿಯರ್ ಹಾಗೆ ಹುಬ್ಬೇರಿಸಿ ಕೇಳುತ್ತಿತ್ತು. ಆ ಸಿಸ್ಟರ್ ಬೆರಳಗಲದ ಪೆನ್ಸಿಲ್ ತುಂಡನ್ನೂ ಎಸೆಯಗೊಡುತ್ತಿರಲಿಲ್ಲ. ಕಾಗದದ ಕೊಳವೆಗೆ ಸಿಕ್ಕಿಸಿ ಬರೆಸುತ್ತಿದ್ದರು. ಆ ಡಿಸಿಪ್ಲಿನ್ ನನ್ನ ರಕ್ತದಲ್ಲಿದೆ. ಹಾಗಾಗಿ “ಆರ್ ಯು ಶ್ಯೂರ್?” ಅಂದಾಗಲೆಲ್ಲ ನಾನು “ನೋ” ಒತ್ತಿ, ಬೇಡದ ತುಂಡುಗಳನ್ನು ಒಂದು ಫೋಲ್ಡರಿಗೆ ಹಾಕಿ ಅದಕ್ಕೆ ‘ವೇಸ್ಟ್’ ಎಂದು ಹೆಸರಿಟ್ಟೆ. ಟೇಪುಗಳನ್ನೇನೋ ಮಂಡಳದವರು ಮುಂದಿನ ಕಾರ್ಯಕ್ರಮಕ್ಕೆ ಅಳಿಸಿ ಅಳಿಸಿ ಬಳಸುತ್ತಿದ್ದರು. ವೇಸ್ಟ್ ಮಾತ್ರ ಬೆಳೆಯುತ್ತ ಹೋಯಿತು.

ಏನಿತ್ತು ಅದರಲ್ಲಿ? ಗಣಪತಿ ಹಬ್ಬದ ಮುಂಜಾನೆ ಮಾರ್ಕೆಟ್ ಯಾರ್ಡಿನಲ್ಲಿ ಚೆಂಡುಹೂವಿನ ರಾಶಿ ಶೂಟ್ ಮಾಡಲು ಹೋದದ್ದಿತ್ತು. ಹೂವು ಒಂದೂ ಕಾಣದು. ಒದ್ದೆ ನೆಲ, ಗೋಣಿಚೀಲ, ಮತ್ತು ಮೇಲಿನಿಂದ ಬಾಯಿಯವರ ದನಿ. ಹೂವು ನಿನ್ನೆಯದು ಎಂದು ಅವರ ವಾದ, ಈಗಷ್ಟೇ ಬಂದದ್ದು ಎಂದು ಹೂವಿನವನ ವಾದ, ಎರಡೂ ಮರಾಠಿಯಲ್ಲಿ. ಕೊನೆಗೆ ಸೋತಾಗ ಮಾತ್ರ ಬಾಯಿಯವರು ಕನ್ನಡಕ್ಕೆ ಇಳಿದು, “ನಿನ್ನ ಹೂವ ನಿನಗ ಇರ್ಲೆಪಾ” ಅಂದಿದ್ದರು. ಆಷಾಢದ ಯಾತ್ರೆಯ ಪಾಲಖಿ ನೋಡಲು ಸಾಸವಡದವರೆಗೆ ಹೋದ ವರ್ಷದ್ದಿತ್ತು. ಪಾಲಖಿ ಬಂದಾಗ ಕ್ಯಾಮರಾ ಬಂದ್. ಪಾಲಖಿ ದಾಟಿ ಹೋದ ಮೇಲೆ ಹದಿನಾಲ್ಕು ನಿಮಿಷ ಅವರ ಕಾಲುಂಗುರದ ಬೆರಳುಗಳು, ಕೆಸರು, ಜೊತೆಗೆ ನಡೆಯುತ್ತಿದ್ದ ಯಾರೋ ವಾರಕರಿ ಯಾತ್ರಿಕ ಅಜ್ಜಿಗೆ ಮೊಣಕಾಲು ನೋವಿನ ಉಪಚಾರ.

ಹಳೆಯ ನಾಟಕಗಳಲ್ಲಿ ಸೂತ್ರಧಾರ ಎಂಬವನಿರುತ್ತಾನಲ್ಲ, ಮೊದಲಿಗೆ ಬಂದು ಎರಡು ಮಾತಾಡಿ, ಆಮೇಲೆ ಇಡೀ ನಾಟಕ ಮುಗಿದರೂ ಮುಖ ತೋರಿಸುವುದಿಲ್ಲ. ಇಂದಿರಾಬಾಯಿ ಅಷ್ಟೂ ಮಾಡಲಿಲ್ಲ. ಹತ್ತು ಹನ್ನೆರಡು ವರ್ಷದ ಕಾರ್ಯಕ್ರಮಗಳಲ್ಲಿ ನಾವೆಲ್ಲ ರೇಷ್ಮೆ ಸೀರೆಯುಟ್ಟು ಮೆರೆದಿದ್ದೇವೆ. ಅವರ ಮುಖ ಒಂದು ಫ್ರೇಮಿನಲ್ಲೂ ಇಲ್ಲ. ಕ್ಯಾಮರಾ ಹಿಡಿದವರು ಕ್ಯಾಮರಾದಲ್ಲಿ ಹೇಗೆ ಬಂದಾರು?

ಕೈ ನಡುಗಲು ಶುರುವಾದ ಮೇಲೆ ಅವರು ಕ್ಯಾಮರಾ ನನಗೊಪ್ಪಿಸಿ, ಧಾರವಾಡದ ತಮ್ಮನ ಮನೆಗೆ ಹೋದರು. ಆ ಮಳೆಗಾಲ ಮುಗಿಯುವುದರೊಳಗೆ ಅಲ್ಲಿಯೇ ತೀರಿಕೊಂಡರು. ಸುದ್ದಿ ಬಂದ ದಿನ ನಾನು ಚವಳಿಕಾಯಿ ಬಿಡಿಸುತ್ತಿದ್ದೆ. ನಾರು ತೆಗೆಯುವುದು ಮರೆತು ಹಾಗೇ ಬೇಯಿಸಿಬಿಟ್ಟೆ.

ಅದಾಗಿ ಎರಡು ವರ್ಷಕ್ಕೆ ನನ್ನ ಅಕ್ಕನ ಮಗಳು ಮಂಜಿರಿ ನನ್ನ ಕಂಪ್ಯೂಟರಿನ ಮುಂದೆ ಕೂತು ತಲೆಯಾಡಿಸಿದಳು. ಅವಳು ಯೆರವಡಾದ ಒಂದು ಐಟಿ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಕಂಪ್ಯೂಟರ್ ಆಗ ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತಿತ್ತು, ದಿನಕ್ಕೆ ಮೂರು ಸಲ ಹ್ಯಾಂಗ್ ಆಗುತ್ತಿತ್ತು.

“ಮಾವಶಿ, ಇದು ಇನ್ನ ಭಾಳ ದಿವಸ ನಡಿಯೂದಿಲ್ಲ. ಹೊಸಾ ಕಂಪ್ಯೂಟರ್ ತಗೋ, ಸಾಫ್ಟ್‌ವೇರೂ ಬದಲಿ ಮಾಡು. ಇದರ ಕಂಪನಿಯವರಽ ಇದನ್ನ ಮರತುಬಿಟ್ಟಾರ, ನೀ ಇನ್ನೂ ಸೇವಾ ಮಾಡಕೋತ ಕೂತೀ.”

“ಸೇವಾ ಅಲ್ಲವ್ವಾ, ರೂಢಿ.”

“ರೂಢಿ ಅಲ್ಲ ಮಾವಶಿ, ಹಟ.”

ಹೊಸ ಸಾಫ್ಟ್‌ವೇರನ್ನು ತನ್ನ ಲ್ಯಾಪ್‌ಟಾಪಿನಲ್ಲಿ ತೋರಿಸಿದಳು. ಚೆಂದವೇನೋ ಇತ್ತು. ಪುಸ್ತಕದ ಹಾಳೆಯಂತೆ ಚಿತ್ರ ಮಗುಚುತ್ತಿತ್ತು, ದೃಶ್ಯ ದೃಶ್ಯಕ್ಕೆ ಗುಲಾಬಿ ಪಕಳೆ ಉದುರುತ್ತಿತ್ತು. ಆದರೆ ಕತ್ತರಿ ಇರಲಿಲ್ಲ, ಬ್ಲೇಡಿತ್ತು. ಕತ್ತರಿ ಹೊಲಿಯುವವರ ಸಾಮಾನು. ಬ್ಲೇಡು ಬಸ್ಸಿನಲ್ಲಿ ಜೇಬು ಕೊಯ್ಯುವವರದು. ಮೇಲಾಗಿ ಅದು ಏನನ್ನೂ ಕೇಳುತ್ತಿರಲಿಲ್ಲ, ಅಳಿಸು ಅಂದರೆ ಅಳಿಸಿಯೇ ಬಿಡುತ್ತಿತ್ತು. ಹೀಗೆ ದಿನಕ್ಕೊಂದು ತಕರಾರು ತೆಗೆದು ನಾನು ಮೂರು ತಿಂಗಳು ತಳ್ಳಿದೆ. ಮಂಜಿರಿ ಪ್ರತಿ ರವಿವಾರ ಬಂದು, ಹೆಣ್ಣು ತೋರಿಸಿ ಉತ್ತರಕ್ಕೆ ಕಾದ ಮದುವೆ ದಲ್ಲಾಳಿಯಂತೆ, “ಏನ್ ವಿಚಾರ ಮಾಡೀ?” ಎಂದು ಕೇಳಿ ಹೋಗುತ್ತಿದ್ದಳು.

ನಿಜವಾದ ತಕರಾರನ್ನು ನಾನು ಬಾಯಿ ಬಿಟ್ಟು ಹೇಳಿರಲಿಲ್ಲ. ಮೊದಲ ದಿನವೇ ಅವಳು ಒಂದು ಮಾತು ಹೇಳಿದ್ದಳು: ಪೂರ್ತಿ ಮಾಡಿ ಫಿಲ್ಮ್ ಅಂತ ಹೊರತೆಗೆದದ್ದೆಲ್ಲ ಹೊಸದರಲ್ಲಿ ತೆರೆಯುತ್ತದೆ, ಫೋಲ್ಡರಿನಲ್ಲಿ ಬಿಡಿಬಿಡಿಯಾಗಿ ಬಿದ್ದದ್ದು ಹಳೆಯ ಸಾಫ್ಟ್‌ವೇರಿಗೆ ಮಾತ್ರ ತಿಳಿಯುವ ಲಿಪಿಯಲ್ಲಿದೆ, ಅದು ಈ ಕಂಪ್ಯೂಟರಿನ ಜೊತೆಗೇ ಹೋಗುತ್ತದೆ. ಅಂದರೆ ನಾವು ಮೆರೆದದ್ದೆಲ್ಲ ಉಳಿಯುತ್ತದೆ. ಇಂದಿರಾಬಾಯಿಯ ದನಿ ಹೋಗುತ್ತದೆ. ಅದು ಇದ್ದದ್ದು ವೇಸ್ಟಿನಲ್ಲಿ ಮಾತ್ರ. ನನ್ನ ಫಿಲ್ಮುಗಳಿಂದ ಅದನ್ನು ಹೆಕ್ಕಿ ಹೆಕ್ಕಿ ತೆಗೆದವಳು ನಾನೇ ಅಲ್ಲವೇ? ಪಳಗಿದ ಕೈ!

ಕೊನೆಗೊಂದು ರವಿವಾರ ಮಂಜಿರಿಗೆ ಹೇಳಿಯೇಬಿಟ್ಟೆ. ಅವಳು ನಕ್ಕಾಳೆಂದಿದ್ದೆ, ನಗಲಿಲ್ಲ.

“ಇಷ್ಟೇ ಹೌದಿಲ್ಲೋ? ಹಂಗಾರ ವೇಸ್ಟನ್ನಽ ಒಂದು ಫಿಲ್ಮ್ ಮಾಡು. ಎಲ್ಲಾ ಒಂದರ ಹಿಂದ ಒಂದು ಜೋಡಿಸಿ ಹೊರಗ ತಗಿ. ಆಮ್ಯಾಲೆ ಬದಲಿ ಮಾಡೂಣು.”

ಎಷ್ಟು ಸರಳ! ಮೂವತ್ತು ವರ್ಷ ಪ್ರೆಸಿ ಕಲಿಸಿದವಳಿಗೆ, ಏನನ್ನೂ ಬಿಡದೆ ಇದ್ದದ್ದನ್ನೆಲ್ಲ ಇಡಬಹುದು ಎಂಬುದು ಹೊಳೆಯದೇ ಹೋಗಿತ್ತು.

ಒಂದು ವಾರ ಕೂತು ಜೋಡಿಸಿದೆ. ಒಂದು ತುಂಡನ್ನೂ ಚಿವುಟಲಿಲ್ಲ. ಒದ್ದೆ ನೆಲ, ಕೆಸರು, ನಿರಿಗೆ, ಚಹಾದ ಬಶಿಯ ಸದ್ದು, ಮಂಡಳದ ಅಧ್ಯಕ್ಷೆಯ ಬಗ್ಗೆ ಇಲ್ಲಿ ಬರೆಯಬಾರದ ಮಾತುಗಳು, ನನ್ನ ಬಗ್ಗೆಯೂ ಒಂದು: “ಟೀಚರ್‌ಬಾಯಿ ಭಾಳ ಛಲೋ ಹೆಣಮಗಳು. ಆದ್ರ ಅಕಿ ಕೈಯಾಗ ಕತ್ತರಿ ಕೊಡಬಾರದು.” ಒಬ್ಬಳೇ ಕೂತು ಗಟ್ಟಿಯಾಗಿ ನಕ್ಕೆ. ಕಂಪ್ಯೂಟರ್ ನನ್ನ ನಗೆಗೆ ಹೆದರಿ ಹ್ಯಾಂಗ್ ಆಯಿತು.

ಕೊನೆಯ ತುಂಡಿಗೆ ನಾನೇ ಹೆಸರು ಬರೆದಿದ್ದೆ: “ದಾಸವಾಳ, ಔಟ್ ಆಫ್ ಫೋಕಸ್.” ಕ್ಯಾಮರಾ ಒಪ್ಪಿಸಲು ಬಂದ ಮಧ್ಯಾಹ್ನ ಬಾಯಿಯವರು ನಮ್ಮ ಬಾಲ್ಕನಿಯ ದಾಸವಾಳವನ್ನು ನಡುಗುವ ಕೈಯಲ್ಲೇ ಶೂಟ್ ಮಾಡಿ, ಕ್ಯಾಮರಾವನ್ನು ಹಾಲಿನ ಟೇಬಲ್ ಮೇಲಿಟ್ಟು ಹೊರಡಲು ಎದ್ದಿದ್ದರು. ಅವರು ಗುಂಡಿ ಒತ್ತಿರಲಾರರು ಎಂಬ ನನ್ನ ಖಾತ್ರಿ ಎಷ್ಟಿತ್ತೆಂದರೆ, ಅವರು ಆ ಕಡೆ ತಿರುಗಿದ್ದೇ ತಡ, ಕೆಂಪು ದೀಪವನ್ನೂ ನೋಡದೆ ನಾನೇ ಒತ್ತಿ ಬಂದ್ ಮಾಡಿದ್ದೆ. ಆಮೇಲೆ ಆ ಟೇಪನ್ನು ಕಂಪ್ಯೂಟರಿಗೆ ಇಳಿಸುವಾಗ, ಮೊದಲ ಮಸುಕು ಹೂವನ್ನಷ್ಟೇ ನೋಡಿ ವೇಸ್ಟಿಗೆ ದೂಡಿ, ಅಡುಗೆಮನೆಗೆ ಹೋಗಿದ್ದೆ.

ಈಗ ಪೂರ್ತಿ ನೋಡಿದೆ. ಮಸುಕು ಹೂವು ಅಲುಗಿತು, ಮುಗಿಯಿತು. ಬಾಯಿಯವರು ಆ ದಿನ, ಜನ್ಮದಲ್ಲಿ ಒಮ್ಮೆ, ಸರಿಯಾಗಿ ಬಂದ್ ಮಾಡಿದ್ದರು. ನಾನು ಒತ್ತಿದ್ದಕ್ಕೆ ಅದು ಶುರುವಾಗಿತ್ತು.

ಟೇಬಲ್ ಮೇಲಿನ ಕ್ಯಾಮರಾ ನೇರ ಬಾಗಿಲ ಕಡೆ ನೋಡುತ್ತಿದೆ. ಮೊದಲು ನನ್ನ ಸೆರಗು ದಾಟುತ್ತದೆ. ಆಚೆ ಹೊಸ್ತಿಲಲ್ಲಿ ಇಂದಿರಾಬಾಯಿ, ಗೋಡೆಗೆ ಕೈಯೂರಿ, ಕಾಲಿನಿಂದಲೇ ಚಪ್ಪಲಿ ಹುಡುಕುತ್ತಿದ್ದಾರೆ. ಇಳಕಲ್ ಸೀರೆ, ದೊಡ್ಡ ಕುಂಕುಮ, ಕನ್ನಡಕದ ಒಂದು ಕಡ್ಡಿಗೆ ದಾರ. ಫೋಕಸ್ ಎಷ್ಟು ಸ್ಪಷ್ಟವೆಂದರೆ ದಾರದ ಗಂಟೂ ಕಾಣುತ್ತದೆ. ಚಪ್ಪಲಿ ಸಿಕ್ಕಿತು. ತಿರುಗಿ, ಟೇಬಲ್ಲಿನ ಕಡೆ ನೋಡಿ, ಮುಖದ ತುಂಬ ನಕ್ಕರು.

“ಬಂದ್ ಮಾಡೀನ್ರಿ, ಟೀಚರ್‌ಬಾಯಿ. ಈ ಸಲ ಖರೇನ ಮಾಡೀನಿ.”

“ಹ್ಞೂಂ, ಹ್ಞೂಂ, ಗೊತ್ತದ ಬಿಡ್ರಿ,” ಎನ್ನುತ್ತದೆ ಫ್ರೇಮಿನ ಹೊರಗಿನಿಂದ ನನ್ನ ದನಿ.

ಅವರು ಕಠಡಾ ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ಮೊದಲು ಸೀರೆ ಮರೆಯಾಯಿತು, ಆಮೇಲೆ ಹೆಗಲು, ಕೊನೆಗೆ ತುರುಬಿನಲ್ಲಿ ಸಿಕ್ಕಿಸಿಕೊಂಡ ನಮ್ಮ ಬಾಲ್ಕನಿಯ ದಾಸವಾಳ.