ಅತ್ತಿಗುಪ್ಪೆಯ ವಾಲಗಕ್ಕೆ ಎದ್ದು ನಿಂತವರು

ಅತ್ತಿಗುಪ್ಪೆಯ ವೆಂಕಟಗಿರಿ ಕ್ಲಾರಿಯೋನೆಟ್ ಊದದೆ ನಮ್ಮ ಕಡೆ ಮದುವೆಗಳೇ ಆಗುತ್ತಿರಲಿಲ್ಲ. ನನ್ನ ಮದುವೆಗೂ ಅವರದೇ ವಾಲಗ. ಅವತ್ತು ಏನು ನುಡಿಸಿದರು ಅಂತ ಕೇಳಿದರೆ ದೇವರಾಣೆ ಗೊತ್ತಿಲ್ಲ. ಊಟಕ್ಕೆ ಚಿರೋಟಿ ಇತ್ತು, ಅದು ನೆನಪಿದೆ.

ಅವರ ಸಂಕಟವೂ ಅದೇ. ನಲವತ್ತು ವರ್ಷ ಊದಿದರೂ ಒಬ್ಬ ನರಮನುಷ್ಯ ಸುಮ್ಮನೆ ನಿಂತು ಕೇಳಿರಲಿಲ್ಲ. ಅವರು ಕಲ್ಯಾಣಿ ರಾಗ ಎತ್ತಿಕೊಂಡರೆ ಸಾಕು, ಬೀಗರು ಕಾಫಿಗೆ ಜಗಳ ತೆಗೆಯುತ್ತಿದ್ದರು. ಮುಹೂರ್ತದ ಹೊತ್ತಿಗೆ ಪುರೋಹಿತರು ಬೆರಳೆತ್ತಿ “ಗಟ್ಟಿಮೇಳ!” ಅನ್ನುತ್ತಿದ್ದರು. ತಾಳಿ ಕಟ್ಟುವಾಗ ಸೀನು, ಜಗಳ, ಕೆಟ್ಟ ಮಾತು ಯಾವುದೂ ಕಿವಿಗೆ ಬೀಳಬಾರದೆಂದು ಡೋಲು ಒಡೆಯುವ ಹಾಗೆ ಎಬ್ಬಿಸುವ ಗದ್ದಲ ಅದು. ಕೇಳಿಸಿಕೊಳ್ಳಲಿ ಅಂತಲ್ಲ, ಬೇರೇನೂ ಕೇಳಿಸದಿರಲಿ ಅಂತ.

ಎಂಬತ್ನಾಲ್ಕರಲ್ಲಿ ನಾನು ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಗುಮಾಸ್ತ. ಲೇತ್ ಮೆಷಿನ್ ಕೊಳ್ಳಲು ದೂರದ ಪುಟ್ಟ ದೇಶವೊಂದರಿಂದ ನಾಲ್ವರು ಬರುವವರಿದ್ದರು. ಆ ದೇಶದ ಹೆಸರು ಹೇಳಲು ನಮ್ಮ ಮ್ಯಾನೇಜರ್ ಚಕ್ರಪಾಣಿಗೆ ಒಂದು ವಾರ ಹಿಡಿಯಿತು. ಅವರ ರಾಷ್ಟ್ರಗೀತೆ ನುಡಿಸಬೇಕು, ಬ್ಯಾಂಡ್ ಸಿಗುತ್ತಿಲ್ಲ. ನಾನು ವೆಂಕಟಗಿರಿಯವರನ್ನು ಕರೆತಂದೆ.

“ರಾಷ್ಟ್ರಗೀತೆ ಅಂದ್ರೆ ಎಲ್ರೂ ಎದ್ದು ನಿಲ್ಲಲೇಬೇಕಾ ಸಾರ್?”

“ನಿಲ್ಲಲೇಬೇಕು,” ಅಂದರು ಚಕ್ರಪಾಣಿ.

“ಮಧ್ಯದಲ್ಲಿ ಕೂತ್ಕೊಳ್ಳೋ ಹಂಗಿಲ್ವಾ?”

“ನೀವು ನಿಲ್ಲಿಸೋವರ್ಗೂ ಅಲ್ಲಾಡೋ ಹಂಗಿಲ್ಲ.”

ಪಾಪ, ಮನುಷ್ಯನ ಕಣ್ಣು ತುಂಬಿಬಂತು.

ಆ ಗೀತೆಯ ಕ್ಯಾಸೆಟ್ ಬಂತು. ವೆಂಕಟಗಿರಿ ಹತ್ತು ದಿನ ಕೇಳಿ ಕೇಳಿ ಕಲಿತರು. ಅಷ್ಟರಲ್ಲಿ ಅಲ್ಲಿನ ರಾಜನನ್ನು ಇಳಿಸಿಬಿಟ್ಟರಂತೆ; ಆ ಹಾಡು ರದ್ದು, ಇದು ಸೈನ್ಯದವರ ಹಾಡು ಅಂತ ಎರಡನೇ ಕ್ಯಾಸೆಟ್. ಅದನ್ನೂ ಕಲಿತರು. ಅತಿಥಿಗಳು ಬರುವ ಹಿಂದಿನ ದಿನ ಟೆಲಿಗ್ರಾಂ: ಸೈನ್ಯದವರೂ ಇಳಿದರು, ಹೊಸ ಗೀತೆಗೆ ಸಮಿತಿ ನೇಮಿಸಲಾಗಿದೆ, ಉಪಸಮಿತಿ ಇನ್ನೂ ಸೇರಿಲ್ಲ, ಸದ್ಯಕ್ಕೆ ಏನೂ ನುಡಿಸಬೇಡಿ.

“ಮದ್ವೆ ಗೊತ್ತಾದ್ಮೇಲೆ ಗಂಡು ಹುಡುಕ್ತಾರಲ್ಲಪ್ಪ!” ಅಂದರು ವೆಂಕಟಗಿರಿ. ದನಿ ಬಿದ್ದುಹೋಗಿತ್ತು. ಆದರೂ ಇಸ್ತ್ರಿ ಮಾಡಿದ ಕೋಟು ತೊಟ್ಟು, ಡೋಲಿನವರ ಸಮೇತ ಬಂದು ಮೂಲೆಯಲ್ಲಿ ನಿಂತರು.

ನಾಲ್ವರು ಅತಿಥಿಗಳಲ್ಲಿ ಇಬ್ಬರು ರಾಜನ ಕಡೆಯವರು, ಇಬ್ಬರು ಸೈನ್ಯದ ಕಡೆಯವರು. ಧ್ವಜ ಏರಿದ್ದೇ ತಡ, ಇಬ್ಬರು ಆ ಹಾಡು ಹಿಡಿದರು, ಇಬ್ಬರು ಈ ಹಾಡು. ದನಿ ಏರಿತು. ರಾಜನ ಕಡೆಯವನೊಬ್ಬ ರೇಗಿ, ಎದುರಿನವನ ಮೂಗಿನ ಮುಂದೆ ಬೆರಳೆತ್ತಿದ.

ಜಗಳ, ಮೇಲೆತ್ತಿದ ಬೆರಳು. ವೆಂಕಟಗಿರಿಗೆ ಇನ್ನೇನು ಬೇಕು? ನಲವತ್ತು ವರ್ಷದ ಅಭ್ಯಾಸ. ಡೋಲಿನವರಿಗೆ ಕಣ್ಸನ್ನೆ ಮಾಡಿ ಗಟ್ಟಿಮೇಳ ಬಾರಿಸಿಯೇಬಿಟ್ಟರು. ನಮ್ಮ ನೌಕರರೇನು ಕಡಿಮೆಯೇ? ಸ್ವಾಗತಕ್ಕಿಟ್ಟಿದ್ದ ಹೂವನ್ನೆಲ್ಲ ಅಕ್ಷತೆಯ ಹಾಗೆ ಅತಿಥಿಗಳ ತಲೆಗೆ ಎಸೆದು, ಇನ್ನೇನು ಊಟವೇ ಎಂದು ಕ್ಯಾಂಟೀನಿಗೆ ಓಡಿದರು.

ನಾಲ್ವರು ಅತಿಥಿಗಳೂ ಬೆಚ್ಚಿ ಬಾಯಿ ಮುಚ್ಚಿದರು. ಬೆಳಿಗ್ಗೆಯಿಂದೀಚೆಗೆ ಇದೇ ಹೊಸ ಗೀತೆ ಆಗಿದ್ದರೆ? ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಕದಲಿದವನ ಕೆಲಸ ಹೋಯಿತೆಂದೇ ಲೆಕ್ಕ. ಎದೆಯ ಮೇಲೆ ಕೈಯಿಟ್ಟು ಕಂಬದ ಹಾಗೆ ನಿಂತರು.

ವೆಂಕಟಗಿರಿ ಅದನ್ನು ನೋಡಿದರು. ಡೋಲಿಗೆ ಸಾಕೆಂದು ಕೈ ಮಾಡಿ, ಮೆಲ್ಲಗೆ ಕಲ್ಯಾಣಿಯ ಆಲಾಪನೆ ಎತ್ತಿಕೊಂಡರು. ಎಂಥ ಕಲ್ಯಾಣಿ! ಇಂಥದ್ದನ್ನು ಚಿರೋಟಿ ಮೆಲ್ಲುತ್ತಾ ಕಳೆದುಕೊಂಡೆನಲ್ಲ ಎಂದು ನನಗೆ ನಾಚಿಕೆಯಾಯಿತು.

ಮುಕ್ಕಾಲು ಗಂಟೆ ಕಳೆಯಿತು. ಅತಿಥಿಗಳು ಎದೆಯ ಮೇಲಿನ ಕೈ ಇಳಿಸಿರಲಿಲ್ಲ. ಚಕ್ರಪಾಣಿ ಬಗ್ಗಿಕೊಂಡೇ ಬಂದು ವೆಂಕಟಗಿರಿಯವರ ಕೋಟಿನ ತುದಿ ಎಳೆದರು. “ಸಾಕು ಮುಗ್ಸ್ರೀ, ಅನ್ನ ಆರೋಗ್ತಿದೆ!”

ವೆಂಕಟಗಿರಿ ಕಣ್ಣು ತೆರೆಯಲಿಲ್ಲ. ಉಸಿರು ತುಂಬಿಕೊಂಡು ಮೇಲಿನ ಷಡ್ಜಕ್ಕೆ ಹೋದರು.